ಉಜ್ಜದೆ ಬಿಟ್ಟ ಜಾಗ

ಗೋಡೆಗೂ ವಯಸ್ಸಾಗುತ್ತದೆ. ಮನುಷ್ಯ ವಯಸ್ಸಾದಂತೆ ಸೊರಗುತ್ತಾನೆ, ಗೋಡೆ ದಪ್ಪಗಾಗುತ್ತದೆ. ಈ ಸಂಗತಿ ಸುಣ್ಣದಜ್ಜನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಕಲಾ ಗ್ಯಾಲರಿಯಲ್ಲಿ ಮೂವತ್ತು ವರ್ಷದಿಂದ ಅವನದು ಒಂದೇ ಕೆಲಸ. ಪ್ರದರ್ಶನ ಮುಗಿದು ಚಿತ್ರಗಳು ಇಳಿದ ಮೇಲೆ ಮೊಳೆಯ ತೂತುಗಳಿಗೆ ಪುಟ್ಟಿ ತುಂಬಬೇಕು, ಎಮರಿ ಪೇಪರಿನಿಂದ ಉಜ್ಜಬೇಕು, ಬಿಳಿ ಹೊಡೆಯಬೇಕು. ಇಲ್ಲಿ ಏನೂ ನಡೆದೇ ಇಲ್ಲವೇನೋ ಅನ್ನಿಸುವಂಥ ಗೋಡೆಯನ್ನು ಮುಂದಿನವರಿಗೆ ಒಪ್ಪಿಸಬೇಕು. ಸುಣ್ಣದ ಕಾಲ ಹೋಗಿ ಡಬ್ಬದ ಬಣ್ಣ ಬಂದು ಯಾವ ಕಾಲವಾಯಿತೋ, ಹೆಸರು ಮಾತ್ರ ಹಾಗೇ ಅಂಟಿಕೊಂಡಿತ್ತು.

ದೊಡ್ಡ ಕೋಣೆಯ ಉತ್ತರದ ಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಊಟದ ತಟ್ಟೆಯಗಲದ ಒಂದು ಜಾಗವನ್ನು ಅವನು ಇಪ್ಪತ್ತಾರು ವರ್ಷದಿಂದ ಉಜ್ಜಿರಲಿಲ್ಲ. ಮಲಗಿದ ಕೂಸಿಗೆ ಹೊದಿಕೆ ಎಳೆದ ಹಾಗೆ ಅಲ್ಲಿ ಕುಂಚವನ್ನು ಮೆಲ್ಲಗೆ ಎಳೆಯುತ್ತಿದ್ದ. ಬಣ್ಣದ ಕೋಟಿನ ಮೇಲೆ ಕೋಟು ಕೂತು ಆ ಜಾಗ ತುಸು ಉಬ್ಬಿತ್ತು. ಎದುರಿಗೆ ನಿಂತರೆ ಕಾಣದು. ಸಂಜೆ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಮಾತ್ರ, ಮುಸುಕಿನೊಳಗೆ ಯಾರೋ ಉಸಿರು ಬಿಗಿಹಿಡಿದು ನಿಂತಂತೆ, ಅಲ್ಲೊಂದು ನೆರಳು ಏಳುತ್ತಿತ್ತು.

"ತೇವ ಹಿಡಿದಿದೆಯೇನಜ್ಜಾ?" ಎಂದು ಮ್ಯಾನೇಜರ್ ಒಮ್ಮೆ ಕೇಳಿದ್ದ.

"ಹಳೇ ಗೋಡೆ ಅಲ್ವಾ ಸಾರ್, ಹೊಟ್ಟೆ ಬಂದಿದೆ. ನಿಮಗೆ ಬಂದಿಲ್ವಾ?" ಎಂದು ಅಜ್ಜ ನಗಿಸಿ ಮಾತು ತೇಲಿಸಿದ್ದ.

ಖಾಲಿ ಕೋಣೆಯಲ್ಲಿ ಏಣಿ ಹತ್ತಿದಾಗ ಅವನಿಗೊಂದು ಗುನುಗು ಕೇಳಿಸುತ್ತಿತ್ತು. ಹಾಡಲ್ಲ, ಪದವಿಲ್ಲ, ಬಾಯಿ ಮುಚ್ಚಿಕೊಂಡೇ ಎಳೆಯುವ ದನಿ. ತಿರುಗಿ ನೋಡಿದರೆ ನಿಂತುಬಿಡುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮುಚ್ಚಿದ್ದನ್ನು ಕಾಣುವ ಕಣ್ಣು ಮೇಲಿನವನೊಬ್ಬನಿಗೇ ಇದೆ, ಅವನು ಚಾಡಿಕೋರನಲ್ಲ ಎಂಬ ಒಂದು ಧೈರ್ಯ.

ಹೀಗಿರುವಾಗ ಒಬ್ಬ ಕಲಾವಿದೆ ಬಂದಳು. ಕೂದಲು ಗಂಡಸಿನಷ್ಟು ಗಿಡ್ಡ, ಕೈಯಲ್ಲಿ ಕುಂಚವಿಲ್ಲ, ಚಿತ್ರವೂ ಇಲ್ಲ. ಇಡೀ ಮಧ್ಯಾಹ್ನ ಗೋಡೆ ತಟ್ಟುತ್ತ, ಕಿವಿಯಿಟ್ಟು ಕೇಳುತ್ತ ತಿರುಗಿದಳು. ಬಿಸಿಲು ಓರೆಯಾದಾಗ ಉಬ್ಬಿನೆದುರು ನಿಂತಳು.

"ತಾತಾ, ಈ ಗೋಡೆ ಮೇಲೆ ಎಷ್ಟು ಕೋಟಿದೆ?"

"ಐವತ್ತರ ಮೇಲಿದೆ ತಾಯಿ."

"ಅದನ್ನೆಲ್ಲ ಒಂದೊಂದಾಗಿ ಕೆರೀಬೇಕು, ಇಟ್ಟಿಗೆ ಕಾಣೋವರೆಗೂ. ನಲವತ್ತು ದಿನ, ಜನರ ಎದುರಿಗೇ. ಅದೇ ನನ್ನ ಕೃತಿ. ಕೆರೆಯೋರು ನೀವು."

ಅಜ್ಜ ನಕ್ಕ. "ಆಮೇಲೆ ಏನು ತೂಗುಹಾಕ್ತೀರಿ?"

"ಏನೂ ಇಲ್ಲ. ಇಲ್ಲಿ ಬಂದವರೆಲ್ಲ ಗೋಡೆ ಮೇಲಿದ್ದದ್ದು ನೋಡಿದಾರೆ. ಗೋಡೆ ಏನು ನೋಡ್ತು ಅಂತ ಯಾರೂ ಕೇಳಿಲ್ಲ."

ಅಜ್ಜನ ನಗು ಅಲ್ಲೇ ನಿಂತಿತು.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪರದೆಯ ಅಂಚು ಮಡಿಸುತ್ತಿದ್ದಳು. ಸುದ್ದಿ ಕೇಳಿ ಯಂತ್ರ ನಿಲ್ಲಿಸಿದಳು. "ಕೆಲಸ ಇಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ! ನೀವು ಬಳಿದದ್ದು ಕಲೆಯಲ್ಲ, ಅವಳು ಕೆರೆಸಿದರೆ ಕಲೆಯಂತಾ? ಕಾಲ ನೋಡಿ. ಹಾಗಾದ್ರೆ ನಾನು ಹೊಲಿಗೆ ಬಿಚ್ಚೋಕೆ ಕೂತರೂ ಟಿಕೆಟ್ ಇಡಬಹುದು ಬಿಡಿ."

ಗಂಡ ನಗಲಿಲ್ಲ. ತಟ್ಟೆ ಮುಟ್ಟಲಿಲ್ಲ.

"ಏನ್ರೀ ಆಯ್ತು?"

"ಆ ಗೋಡೇಲಿ ಜೀರುಂಡೆ ಕೈ ಇದೆ ಕಣೇ."

ಜೀರುಂಡೆ ಅವರ ಮಗಳು. ಸದಾ ಗುನುಗುತ್ತಿದ್ದಳೆಂದು ಆ ಅಡ್ಡಹೆಸರು. ಆರು ವರ್ಷಕ್ಕೇ ಜ್ವರ ಬಂದು ಹೋದವಳು. ಅಮ್ಮ ಹೊಲಿಗೆ ಕಾರ್ಖಾನೆಗೆ ಹೋದ ದಿನಗಳಲ್ಲಿ ಅಪ್ಪನ ಜೊತೆ ಗ್ಯಾಲರಿಗೆ ಬರುತ್ತಿದ್ದಳು. ಒಂದು ಸಲ ಯಾವುದೋ ಪ್ರದರ್ಶನಕ್ಕೆ ಗೋಡೆ ನೀಲಿಯಾಗಬೇಕಿತ್ತು, ಸಂಜೆಗೇ ಉದ್ಘಾಟನೆ. ಹಸಿ ಪುಟ್ಟಿಯ ಮೇಲೆ ಮಗು ಅಂಗೈ ಒತ್ತಿತು. ಮತ್ತೆ ಪುಟ್ಟಿ ಎಳೆದು ಒಣಗಿಸಲು ಹೊತ್ತಿರಲಿಲ್ಲ. ಆ ಗುರುತಿನ ಮೇಲೆಯೇ ನೀಲಿ ಹೊಡೆದ. ಎಂಟು ದಿನಕ್ಕೆ ಜ್ವರ ಬಂತು. ಆ ಪ್ರದರ್ಶನ ಮುಗಿದಾಗ ಅಜ್ಜ ಮನೆಯ ಮೂಲೆಯಲ್ಲಿ ಮುಖ ಮುಚ್ಚಿ ಮಲಗಿದ್ದ. ಆ ಒಂದು ಸಲ ಮಾತ್ರ ಗೋಡೆಗೆ ಬಿಳಿ ಹೊಡೆದವನು ಬಿರುಗಾಳಿ ಎಂಬ ಅಡ್ಡಹೆಸರಿನ ಇನ್ನೊಬ್ಬ ಪೇಂಟರ್. ಕೈಗೆ ಎಮರಿ ಪೇಪರ್ ಸಿಕ್ಕಿದರೆ ಅವನು ಗೋಡೆಯನ್ನೇ ಸವೆಸುವವನು. ಮಗಳ ಕೈ ಉಳಿಯಿತೋ ಇಲ್ಲವೋ ಎಂದು ಅಜ್ಜ ಅವನನ್ನು ಕೇಳಲಿಲ್ಲ. ಕೇಳದೆ, ಅಲ್ಲಿ ಇದೆಯೆಂದೇ ನಂಬಿ, ಆ ಜಾಗವನ್ನು ಕಾಯುತ್ತ ಬಂದ. ಬಿರುಗಾಳಿಯೂ ಸತ್ತು ವರ್ಷಗಳಾಗಿದ್ದವು.

ಇಷ್ಟನ್ನು ಅವನು ಹೆಂಡತಿಗೆ ಹೇಳಿದ. ಒಂದು ಮಾತು ಬಿಟ್ಟು.

ಅವಳು ಬಹಳ ಹೊತ್ತು ಪರದೆಯ ಅಂಚನ್ನೇ ಬೆರಳಲ್ಲಿ ಸವರುತ್ತ ಕೂತಳು. "ಇಷ್ಟು ವರ್ಷ ನನ್ನ ಹತ್ರ ಬಾಯಿಬಿಡಲಿಲ್ಲ ನೀವು." ಆಮೇಲೆ ಅಂದಳು, "ಕೆರೀರಿ. ನಾನು ನೋಡಬೇಕು."

ಅಜ್ಜ ಕಲಾವಿದೆಗೂ ವಿಷಯ ಹೇಳಿದ. "ಮೊದಲು ಅದನ್ನೇ ತೆಗೆಯೋಣ ತಾತ. ಬಾಗಿಲು ತೆರೆಯೋ ಮುಂಚೆ, ನೀವಿಬ್ಬರೇ ಇದ್ದಾಗ," ಎಂದಳು. ಕಲೆ ಎಂದರೆ ತಲೆತಿರುಕತನ ಎಂದುಕೊಂಡಿದ್ದ ಅಜ್ಜನಿಗೆ ಆ ಮಾತಿನಲ್ಲಿ ದೇವರಮನೆಯ ನಯ ಕಂಡಿತು.

ಮರುದಿನ ಬೆಳಗ್ಗೆ ಎಂಟಕ್ಕೆ ಶುರುಮಾಡಿದ. ಕಲಾವಿದೆ ಬಾಗಿಲಿನಾಚೆ ಉಳಿದಳು. ಹೆಂಡತಿ ಗೋಡೆಯ ಪಕ್ಕ ನೆಲದ ಮೇಲೆ ಕೂತಳು. ಕೆರೆಯುವ ತಗಡಿನ ಪಟ್ಟಿಯನ್ನು ಮಲಗಿಸಿ ಹಿಡಿದು, ಒಂದೊಂದೇ ಪದರವನ್ನು ಈರುಳ್ಳಿ ಸಿಪ್ಪೆಯಂತೆ ಎಬ್ಬಿಸಿದ. ಬಿಳಿ, ಬಿಳಿ, ಬೂದಿ, ಬಿಳಿ, ಒಂದು ಕಡೆ ಇಟ್ಟಿಗೆಗೆಂಪು, ಮತ್ತೆ ಬಿಳಿ. ಹನ್ನೊಂದರ ಹೊತ್ತಿಗೆ ಪಟ್ಟಿಯ ತುದಿಗೆ ನೀಲಿ ಪುಡಿ ಹತ್ತಿತು. ಅವನು ಪಟ್ಟಿ ಕೆಳಗಿಟ್ಟು ಒದ್ದೆ ಬಟ್ಟೆಯಿಂದ ಒರೆಸಿದ.

ಅಂಗೈ ಇರಲಿಲ್ಲ.

ಅಂಗೈ ಆಳವಾಗಿ ಮೂಡಿರಲಿಲ್ಲ. ಬಿರುಗಾಳಿಯ ಎಮರಿ ಪೇಪರ್ ಅದನ್ನು ನುಂಗಿಬಿಟ್ಟಿತ್ತು, ನೀಲಿಯ ಸಮೇತ. ಉಳಿದದ್ದು ನಾಲ್ಕು ಗೀರು. ಬಿಳಿ ಪುಟ್ಟಿಯೊಳಗೆ ಆಳವಾಗಿ ಇಳಿದು, ಕೆಳಕ್ಕೆ ಓರೆಯಾಗಿ ಜಾರಿದ ನಾಲ್ಕು ನೀಲಿ ಗೀರು, ಒಂದೊಂದೂ ಗೇಣುದ್ದ.

ಹೆಂಡತಿ ಎದ್ದು ಬಂದು ಬಗ್ಗಿ ನೋಡಿದಳು. "ಆರು ವರ್ಷದ ಮಗು ಬೆರಳು ಇಷ್ಟುದ್ದ ಇರತ್ತಾ? ಯಾಕ್ರೀ ಹೀಗಿದೆ?"

ಗೋಡೆ ನೋಡಿದ್ದನ್ನು ಗೋಡೆಯೇ ಹೇಳಿಬಿಟ್ಟಿತ್ತು. ಇನ್ನು ಮುಚ್ಚಲು ಅವನ ಬಳಿ ಬಣ್ಣವಿರಲಿಲ್ಲ.

"ಎಳೆದೆ ಕಣೇ. ತೋಳು ಹಿಡಿದು ಎಳೆದೆ. ಅವಳು ಬಿಡದೆ ಗೋಡೆ ಹಿಡ್ಕೊಂಡಳು. ಆ ಕೈ ಮೇಲೆ ಹೊಡೆದೆ. 'ಕೆಲಸ ಕೆಡಿಸಿದೆಯಲ್ಲೇ ಶನಿ' ಅಂದೆ. ಮನೆಗೆ ಬರೋವಾಗ ದಾರಿ ಉದ್ದಕ್ಕೂ ಅವಳು ಗುನುಗಲಿಲ್ಲ. ಆಮೇಲೂ ಗುನುಗಲಿಲ್ಲ."

ಹೆಂಡತಿ ಎದುರಿಗಿದ್ದ ಬೆಂಚಿನ ಮೇಲೆ ಹೋಗಿ ಕೂತಳು. ಮುಚ್ಚುವ ಗಂಟೆ ಬಾರಿಸುವವರೆಗೂ ಏಳಲಿಲ್ಲ. ಮರುದಿನವೂ ಬಂದಳು, ಅದರ ಮರುದಿನವೂ. ಮನೆಯಲ್ಲಿ ಗಂಡನಿಗೆ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಾತು ಮಾತ್ರ ಇಲ್ಲ. ಅಜ್ಜ ಅವಳಿಗೆ ಬೆನ್ನು ಹಾಕಿ ಉಳಿದ ಗೋಡೆಯನ್ನು ಕೆರೆಯುತ್ತಿದ್ದ. ಬೆನ್ನಿಗೆ ಆ ನೋಟ ತಾಕುತ್ತಿತ್ತು. ಗುನುಗು ಈಗ ಕೇಳುತ್ತಿರಲಿಲ್ಲ. ಅದು ಕೇಳದಿರುವುದೇ ಹೆಚ್ಚು ಹೆದರಿಸುತ್ತಿತ್ತು.

ಜನ ಬಂದರು. ಗೋಡೆಯೆಲ್ಲ ಇಟ್ಟಿಗೆ, ನಡುವೆ ತಟ್ಟೆಯಗಲದ ಬಿಳಿ, ಬಿಳಿಯಲ್ಲಿ ನಾಲ್ಕು ನೀಲಿ ಗೀರು. ಪತ್ರಿಕೆಯವನೊಬ್ಬ ಅದು ಆಕಾಶವನ್ನು ಸೀಳಿದ ಆಧುನಿಕ ಮನುಷ್ಯನ ಆಕ್ರೋಶವೆಂದು ಬರೆದ. ಒಬ್ಬಾಕೆ, "ಇಷ್ಟೇನಾ? ನಮ್ಮನೆ ಬೆಕ್ಕು ದಿನಾ ಮಾಡುತ್ತೆ," ಎಂದಳು. ಇನ್ನೊಬ್ಬ ಪಿಸುದನಿಯಲ್ಲಿ ಕಲಾವಿದೆಯನ್ನು ಕೇಳಿದ, "ಬೆಂಚಿನ ಮೇಲಿರೋ ಆ ಅಜ್ಜಿಯೂ ಕೃತಿಯೊಳಗೇ ಬರ್ತಾರಾ?"

"ಅವರು ನೋಡ್ತಿದಾರೆ. ನಾವು ಇನ್ನೂ ಶುರುಮಾಡಿಲ್ಲ," ಎಂದಳು ಕಲಾವಿದೆ.

ಒಬ್ಬ ಮುದುಕ ಮಾತ್ರ ಗೀರುಗಳ ಮುಂದೆ ನಿಂತು, ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು, ಯಾರನ್ನೂ ಏನೂ ಕೇಳದೆ ಹೊರಟುಹೋದ.

ನಲವತ್ತನೆಯ ದಿನ ಮುಗಿಯಿತು. ಮ್ಯಾನೇಜರ್ ಬಂದು, "ಅಜ್ಜಾ, ಸೋಮವಾರಕ್ಕೆ ಗೋಡೆ ಬಿಳಿಯಾಗಬೇಕು. ಮುಂದಿನವರು ಬರ್ತಾರೆ," ಎಂದು ಹೇಳಿ ಹೋದ. ಅಜ್ಜ ಇಟ್ಟಿಗೆಗೆ ಗಾರೆ ಮಾಡಿಸಿ, ಪುಟ್ಟಿ ಕಲಸಿಕೊಂಡು ಬಂದ. ಗೀರುಗಳ ಮುಂದೆ ಬಂದಾಗ ಅವನ ಕೈ ಏಳಲಿಲ್ಲ.

ಹೆಂಡತಿ ಬೆಂಚಿನಿಂದ ಎದ್ದಳು. ನಲವತ್ತು ದಿನದ ಮೇಲೆ ಮಾತಾಡಿದಳು.

"ಮಗು ಹಾಗೆ ಸುಮ್ಮನಾಗಿದ್ದು ಯಾಕೆ ಅಂತ ಇಪ್ಪತ್ತಾರು ವರ್ಷ ಹುಡುಕಿದೀನಿ. ತಲೆ ಬಾಚೋವಾಗ ನಾನೇ ಏನೋ ಗದರಿರಬೇಕು, ನಂದೇ ಬಾಯಿ ಕೆಟ್ಟದ್ದು ಅಂದುಕೊಂಡಿದ್ದೆ. ನೀವು ಒಂದು ಮಾತು ಹೇಳಿದ್ದರೆ ಆ ಭಾರ ನನ್ನ ತಲೆ ಮೇಲೆ ಇರ್ತಿರಲಿಲ್ಲ."

"ಹೌದು," ಎಂದ ಅಜ್ಜ.

ಅವಳು ಪುಟ್ಟಿಯಲ್ಲಿ ಬೆರಳದ್ದಿದಳು. ಮೊದಲ ಗೀರನ್ನು ಮೇಲಿನಿಂದ ಕೆಳಕ್ಕೆ, ಎಳೆಮಗುವಿಗೆ ಎಣ್ಣೆ ಹಚ್ಚುವಂತೆ, ತುಂಬಿದಳು. ಎರಡನೆಯದು, ಮೂರನೆಯದು. ನಾಲ್ಕನೆಯದರ ಮುಂದೆ ಬೆರಳು ನಿಂತಿತು. "ಇದು ನೀವು ತುಂಬಿ." ಅವನು ತುಂಬಿದ.

ಒಣಗಲು ಬಿಟ್ಟು ಇಬ್ಬರೂ ಬೆಂಚಿನ ಮೇಲೆ ಕೂತರು. ಒಣಗಿದ ಮೇಲೆ ಅವಳು ಎಮರಿ ಪೇಪರ್ ಎತ್ತಿ ಅವನ ಕೈಗಿತ್ತಳು.

"ಉಜ್ಜೋದಾ?" ಎಂದ ಅವನು.

"ಉಜ್ಜಿ. ಉಬ್ಬು ಕಾಯೋದು ಸಾಕು. ಇನ್ನು ನನ್ನ ಹತ್ರ ಹೇಳಿ, ಗೋಡೆ ಹತ್ರ ಅಲ್ಲ."

ಉಜ್ಜಿದ. ಗೋಡೆ ಸಮವಾಯಿತು. ಮೊದಲ ಕೋಟು ಹೊಡೆಯುವಷ್ಟರಲ್ಲಿ ಸಂಜೆ ಬಿಸಿಲು ಕಿಟಕಿಯಿಂದ ಓರೆಯಾಗಿ ಬಂದು ಗೋಡೆಯನ್ನು ಈ ತುದಿಯಿಂದ ಆ ತುದಿಗೆ ಸವರಿ ಹೋಯಿತು. ಎಲ್ಲಿಯೂ ನೆರಳು ಏಳಲಿಲ್ಲ.

ಮೇಲಿನ ಅಂಚಿಗಾಗಿ ಅಜ್ಜ ಏಣಿ ಹತ್ತಿದ. ಕೆಳಗೆ ಹೆಂಡತಿ ಏಣಿ ಹಿಡಿದು ನಿಂತಳು. ಕುಂಚ ಎರಡು ಸಲ ಎಳೆಯುವುದರೊಳಗೆ ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡ ಗುನುಗು ಶುರುವಾಯಿತು. ಜೀರುಂಡೆಯದೋ, ಕೆಳಗೆ ನಿಂತವಳದೋ. ಅಜ್ಜ ಈ ಸಲ ತಿರುಗಿ ನೋಡಲಿಲ್ಲ. ಕುಂಚವನ್ನು ಬಣ್ಣದಲ್ಲಿ ಅದ್ದಿಕೊಂಡ.