ಡ್ರೈವರನ ಹಿಂದಿನ ಸೀಟು

"ಇಲ್ಲಿಂದಲೇ ವಾಪಸು ಹೋಗುವ, ಅಪ್ಪಿ" ಎಂದ ದೇವದಾಸ. ದುಬೈ ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಅವನು ಕಣ್ಣು ಮುಚ್ಚಿ ಕೂತಿದ್ದ. ಕುತ್ತಿಗೆಗೆ ಹಾಕಿದ್ದ ದಿಂಬು ಕಿವಿಯ ಮೇಲಕ್ಕೆ ಸರಿದಿತ್ತು.

ಅಪ್ಪಿ ಅವನ ಹಣೆ ಮುಟ್ಟಿ ನೋಡಿದಳು. ಮಂಗಳೂರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಗಂಡ ವಾಂತಿ ಮಾಡಿ ಮಾಡಿ ಹಣ್ಣಾಗಿದ್ದ. ಪ್ರತಿ ಸಲವೂ "ಏನಿಲ್ಲ, ಗ್ಯಾಸ್" ಎಂದಿದ್ದ. ಮುಂದಿನದು ಟೊರೊಂಟೊ ವಿಮಾನ; ಪೂರ್ತಿ ಒಂದು ಹಗಲು ಕೂರಬೇಕು.

ಅಲ್ಲಿ ಆಂಡ್ರ್ಯೂ ಕಾಯುತ್ತಿದ್ದ. ಕಾರ್ಕಳ–ಉಡುಪಿ ಬಸ್ಸಿನಲ್ಲಿ ದೇವದಾಸ ಸ್ಟೇರಿಂಗ್ ಹಿಡಿದಷ್ಟು ಕಾಲವೂ ಹಿಂದಿನ ಬಾಗಿಲಲ್ಲಿ ವಿಸಿಲ್ ಊದಿದ ಕಂಡಕ್ಟರ್ ಅವನು. ಈಗ ಮಗಳ ಮನೆಯಲ್ಲಿದ್ದಾನೆ, ಡಯಾಲಿಸಿಸ್ ನಡೆಯುತ್ತಿದೆ. ಕಿರಿಯ ಮಗಳ ಮದುವೆಗೆ ಇಬ್ಬರಿಗೂ ಟಿಕೆಟ್ ಕಳಿಸಿ, "ನಾನಿನ್ನು ಊರಿಗೆ ಬರ್ಲಿಕ್ಕಿಲ್ಲ ದೇವಣ್ಣ, ನೀವೇ ಬನ್ನಿ" ಎಂದಿದ್ದ. ಈ ಸಲ ಹೋಗದಿದ್ದರೆ ಮತ್ತೆ ನೋಡುವುದಿಲ್ಲ ಎಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ.

ಹೊರಡುವ ಮೊದಲು ಅಳಿಯ ಪ್ರತೀಕ್ ದೊಡ್ಡ ಪಾಠವನ್ನೇ ಮಾಡಿದ್ದ. ಸಡಿಲ ಬಟ್ಟೆ ಹಾಕಿ, ಆಗಾಗ ನೀರು ಕುಡಿಯಿರಿ, ಎದ್ದು ನಡೆದಾಡಿ, ಪಾದ ಆಡಿಸುತ್ತಿರಿ. ದೇವದಾಸ ನಕ್ಕುಬಿಟ್ಟಿದ್ದ. "ಜೀವಮಾನವಿಡೀ ಕೂತೇ ದುಡಿದವನಿಗೆ ಕೂರಲಿಕ್ಕೆ ಕಲಿಸ್ತೀಯಾ ಮಾರಾಯ?" ಆ ಜಂಬ ಈಗ ಎಲ್ಲಿಗೆ ಹೋಯಿತೋ.

"ವಾಪಸು ಹೋಗಲಿಕ್ಕೂ ವಿಮಾನವೇ ಹತ್ತಬೇಕಲ್ವಾ?" ಎಂದಳು ಅಪ್ಪಿ. "ಎಂತ ಆಗ್ತದೆ, ಸರಿಯಾಗಿ ಹೇಳಿ."

ಅವನು ಕಣ್ಣು ತೆರೆದ. "ರಸ್ತೆ ಕಾಣುವುದಿಲ್ಲ. ಎಲ್ಲಿ ತಿರುಗುತ್ತದೆ, ಎಲ್ಲಿ ಇಳಿಯುತ್ತದೆ, ಒಂದೂ ಗೊತ್ತಾಗುವುದಿಲ್ಲ. ಗಾಡಿ ಯಾರೋ ಬಿಡ್ತಾರೆ, ನಾನು ಸುಮ್ಮನೆ ಕೂರಬೇಕು."

ಅಪ್ಪಿ ಕೈಚೀಲದಿಂದ ಲಿಂಬೆಹಣ್ಣು ತೆಗೆದು, ಸಿಪ್ಪೆಯನ್ನು ಉಗುರಿನಿಂದ ಗೀರಿ ಅವನ ಕೈಗಿಟ್ಟಳು.

"ಇದು ನಿನಗಂತ ತಂದದ್ದಲ್ವಾ?"

"ನನಗೆ ಎಂತಕ್ಕೆ? ನಾನು ಬೇರೆಯವರು ಬಿಟ್ಟ ಗಾಡಿಯಲ್ಲೇ ಕೂತು ಅಭ್ಯಾಸ ಇರುವವಳು."

ಆ ವಾಸನೆಗೆ ಅವಳಿಗೇ ಹಳೆಯದೆಲ್ಲ ಎದ್ದು ಬಂತು. ಆಗ ಅವಳು ಬೆಳ್ಮಣ್‌ನಲ್ಲಿ ಹತ್ತಿ ಉದ್ಯಾವರದ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಹಿಂದಿನ ಸೀಟಿನಲ್ಲಿ ಕೂತರೆ ನಂದಿಕೂರು ದಾಟುವ ಮೊದಲೇ ಹೊಟ್ಟೆ ತೊಳಸುತ್ತಿತ್ತು. ಒಂದು ಬೆಳಿಗ್ಗೆ ಆಂಡ್ರ್ಯೂ ಅವಳನ್ನು ಮುಂದೆ ಕರೆದು ಡ್ರೈವರನ ಹಿಂದಿನ ಸೀಟು ತೋರಿಸಿದ. ಡ್ರೈವರ್ ತಿರುಗಿ ನೋಡದೆ ಲಿಂಬೆಹಣ್ಣೊಂದನ್ನು ಹಿಂದಕ್ಕೆ ಚಾಚಿದ್ದ. "ಎದುರು ನೋಡಿ. ರಸ್ತೆ ಕಂಡರೆ ಹೊಟ್ಟೆ ಸುಮ್ಮನಿರ್ತದೆ." ಅವಳೊಂದಿಗೆ ಅವನು ಆಡಿದ ಮೊದಲ ಮಾತು ಅದು. ಪ್ರೀತಿ ಗೀತಿ ಎಂದೆಲ್ಲ ಅವಳಿಗೆ ಹೇಳಲು ಬರುವುದಿಲ್ಲ, ಆದರೆ ಅವತ್ತಿನಿಂದ ಆ ಬಸ್ಸು ತಪ್ಪಿದರೆ ಅವಳಿಗೆ ದಿನವಿಡೀ ಬೇಸರ.

ಮುಂದಿನ ವಿಮಾನವನ್ನು ಅವನು ಅವಳ ಕೈ ಹಿಡಿದೇ ಹತ್ತಿದ. ಅದು ಮೇಲೇರಿ ಒಂದು ಮಗ್ಗುಲಿಗೆ ವಾಲಿದಾಗ ಅವನ ಮುಖ ಬಿಳುಚಿತು.

"ಕಣ್ಣು ಮುಚ್ಚಿ. ಕಾರ್ಕಳ ಬಸ್‌ಸ್ಟ್ಯಾಂಡಿನಿಂದ ಹೊರಡಿ" ಎಂದಳು ಅಪ್ಪಿ.

"ಇದೆಂತ ಮಕ್ಕಳಾಟ."

"ರೈಟ್, ಪೋಯಿ." ಬಸ್ಸು ಹೊರಡಿಸಲು ಆಂಡ್ರ್ಯೂ ಹೇಳುತ್ತಿದ್ದ ರಾಗದಲ್ಲೇ ಹೇಳಿದಳು.

ದೇವದಾಸನಿಗೆ ನಗು ಬಂತು. ಲಿಂಬೆಯನ್ನು ಮೂಗಿಗೆ ಹಿಡಿದುಕೊಂಡು ಹೊರಟ. ನಿಟ್ಟೆಯಲ್ಲಿ ಕಾಲೇಜಿನ ಮಕ್ಕಳು ಇಳಿದರು. ಬೆಳ್ಮಣ್‌ನಲ್ಲಿ ಒಬ್ಬಳು ಹುಡುಗಿ ಹತ್ತಿದಳು, ಮುಡಿಯಲ್ಲಿ ಅಬ್ಬಲಿಗೆ ಹೂವು.

"ನಂದಿಕೂರಿನಲ್ಲಿ ಈಗ ಕರೆಂಟಿನ ಕಾರ್ಖಾನೆಯ ದೊಡ್ಡ ಚಿಮಣಿ ಉಂಟು" ಎಂದು ಅಪ್ಪಿ ನೆನಪಿಸಿದಳು.

"ನನ್ನ ರಸ್ತೆಯಲ್ಲಿ ಇಲ್ಲ" ಎಂದ ಅವನು. "ಗದ್ದೆ ಉಂಟು."

ಪಡುಬಿದ್ರಿಯಲ್ಲಿ ಬಲಕ್ಕೆ ತಿರುಗಿದ. ಕಾಪುವಿಗೆ ಬಂದಾಗ ಗಾಳಿಯಲ್ಲಿ ಸಮುದ್ರದ ವಾಸನೆ ಉಂಟೆಂದ. ಮಾತು ನಿಧಾನವಾಗುತ್ತಾ ಬಂತು. ಕಟಪಾಡಿಯ ಹೆಸರು ಅರ್ಧಕ್ಕೇ ನಿಂತಿತು. ಅಪ್ಪಿ ಅವನ ಕುತ್ತಿಗೆಯ ದಿಂಬನ್ನು ಸರಿಮಾಡಿ ಕಂಬಳಿ ಹೊದೆಸಿದಳು. ಕಂಬಳಿಯಡಿ ಅವನ ಬಲಗಾಲು ನೆಲವನ್ನು ಒತ್ತಿತು.

"ಉದ್ಯಾವರ" ಎಂದ, ನಿದ್ದೆಯಲ್ಲೇ. "ಇಳಿಯುವುದಿಲ್ವಾ?"

"ಇವತ್ತು ಇಳಿಯಲಿಕ್ಕಿಲ್ಲ" ಎಂದಳು ಅಪ್ಪಿ. "ನೀವು ಬಸ್ಸು ಬಿಡಿ."

ಬ್ರೇಕ್ ಒತ್ತಿದ್ದ ಕಾಲು ಮೆಲ್ಲಗೆ ಸಡಿಲವಾಯಿತು.