ದಾಕ್ಷಾಯಣಿಗೆಂದು ಅಂಟಿಸಿದ ಟೊಪ್ಪಿಗೆ

ನಾನು ಒಂದು ಟೊಪ್ಪಿಗೆ. ಬಿಸಿಲಿನದಲ್ಲ, ಚಳಿಯದೂ ಅಲ್ಲ, ಡಾಕ್ಟರೇಟಿನದು. ಜರ್ಮನಿಯ ಒಂದು ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ವಿಭಾಗದಲ್ಲಿ, ಪ್ರಿಂಟರ್ ಬಂದಿದ್ದ ರಟ್ಟಿನ ಡಬ್ಬಿಯ ಹೊಟ್ಟೆಯಿಂದ ಹುಟ್ಟಿದೆ. ಆ ದೇಶದಲ್ಲಿ ಹೀಗೊಂದು ಪದ್ಧತಿ. ಪಿಎಚ್‌ಡಿಯ ಮೌಖಿಕ ಪರೀಕ್ಷೆ ಮುಗಿಸಿ ಹೊರಬಂದವರ ತಲೆಗೆ ಜೊತೆಯವರು ಕೈಯಾರೆ ಮಾಡಿದ ಟೊಪ್ಪಿಗೆ ಇಡುತ್ತಾರೆ. ಅದರ ಮೇಲೆ ಅವರ ಬದುಕಿನ ಪುಟ್ಟ ಪುಟ್ಟ ಗುರುತುಗಳನ್ನು ಅಂಟಿಸಿರುತ್ತಾರೆ. ಕನ್ನಡ ನಾಡಿನಲ್ಲಿ ಟೋಪಿ ಹಾಕಿಸಿಕೊಂಡವರು ಪೊಲೀಸ್ ಠಾಣೆಗೆ ಹೋಗುತ್ತಾರಂತೆ. ಜರ್ಮನಿಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ.

ನನ್ನನ್ನು ಮಾಡಿದವಳು ಆಂಕೆ ಎಂಬ ಸಂಶೋಧನ ವಿದ್ಯಾರ್ಥಿನಿ. ಮಾಡಿದ್ದು ಅವಳ ಎದುರು ಮೇಜಿನ ದಾಕ್ಷಾಯಣಿ ಹೊಂಬಳಳಿಗಾಗಿ. ದಾಕ್ಷಾಯಣಿ ಗದಗಿನವಳು. ಅವಳ ವಿಷಯ ಗ್ರಾಮ ಪಂಚಾಯಿತಿಗಳ ಅವಿರೋಧ ಆಯ್ಕೆ. ಊರ ಹಿರಿಯರು ಒಂದು ಹೆಸರು ಹೇಳಿ ಸುತ್ತ ನೋಡಿದಾಗ ಯಾರೂ ಬಾಯಿ ಬಿಡದಿದ್ದರೆ ಅದು ಒಪ್ಪಿಗೆಯೋ ಅಂಜಿಕೆಯೋ ಎಂಬುದು ಅವಳ ಪ್ರಶ್ನೆ. ಆಂಕೆ ನನ್ನ ಅಂಚಿಗೆ ಇಳಕಲ್ ಸೀರೆಯ ತುಂಡು ಸುತ್ತಿದಳು; ನೆತ್ತಿಯ ಮೇಲೆ ಮಣ್ಣಿನ ಮತಪೆಟ್ಟಿಗೆ ಕೂರಿಸಿ, ಪಕ್ಕದಲ್ಲಿ ಮಂಡಕ್ಕಿ ಗಿರ್ಮಿಟ್ಟಿನ ಕಾಗದದ ಪೊಟ್ಟಣ ಇಟ್ಟಳು. ಪ್ರಬಂಧ ಮುಗಿದಿದೆ, ಈ ಬೇಸಿಗೆಗೆ ಸಲ್ಲಿಸುತ್ತಾಳೆ ಎಂದು ಆಂಕೆಯ ಎಣಿಕೆ. ಮುಂಚೆ ಕಾಣಬಾರದೆಂದು ನನ್ನನ್ನು ಅದೇ ಕೋಣೆಯ ಬೀರುವಿನಲ್ಲಿಟ್ಟಳು. ಬೀರುವಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಅದು ನನ್ನ ಪುಣ್ಯವೋ ಪಾಪವೋ.

ದಾಕ್ಷಾಯಣಿಯ ತಮ್ಮ ಬಸವಂತ ಆಗಾಗ ಫೋನು ಮಾಡುತ್ತಿದ್ದ.

"ಅಕ್ಕಾ, ಇನ್ನಾ ಮುಗೀಲಿಲ್ಲೇನ? ಅವ್ವ ಎಲ್ಲಾರ ಮುಂದ ನನ್ನ ಮಗಳು ಡಾಕ್ಟರ್ ಅನ್ಕೋಂತ ಅಡ್ಯಾಡ್ತಾಳ. ಮೊನ್ನೆ ಒಬ್ಬಾಕಿ ಮೊಣಕಾಲು ತೋರ್ಸಾಕ ಬಂದಿದ್ಲು."

"ನಾ ಪಂಚಾಯ್ತಿ ಡಾಕ್ಟರ್, ಮೊಣಕಾಲಿಂದಲ್ಲ ಅಂತ ಹೇಳಿ ಕಳಸು. ಬರಿಯೂದು ಮುಗದೈತೋ. ಸರ್ ಇನ್ನ ಕೊಡು ಅನ್ನಬೇಕು."

"ಕೇಳಬಾರದೇನ?"

"ಇಲ್ಲೆ ಗೈಡಿಗೆ ಡಾಕ್ಟರ್ ಅಪ್ಪ ಅಂತಾರ. ಮದುವಿ ಮುಹೂರ್ತ ಅಪ್ಪ ತಗಸ್ತಾನೋ, ಮಗಳ ಹೋಗಿ ನನಗ ತಾಳಿ ಯಾವಾಗ ಕಟ್ಟಸ್ತಿ ಅಂತಾಳೋ?"

ಆಮೇಲೆ ಆ ಗೈಡ್ ಪ್ರೊಫೆಸರರ ಅಣಕ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಕೆನ್ನೆ ಉಬ್ಬಿಸಿ, "ಹ್ಮ್... ಮಹಿಳಾ ಸದಸ್ಯರ ಬಗ್ಗೆ ಇನ್ನೂ ಒಂಚೂರು ಯೋಚಿಸಬಹುದೇನೋ" ಎನ್ನುತ್ತಿದ್ದಳು. ಫೋನಿನಲ್ಲಿ ತಮ್ಮ ನಗುತ್ತಿದ್ದ. ಇವಳು ನಗು ಮುಗಿಸಿ ಮಹಿಳಾ ಸದಸ್ಯರ ಮೇಲೆ ಹೊಸ ಅಧ್ಯಾಯ ಶುರುಮಾಡುತ್ತಿದ್ದಳು. ಬೇಸಿಗೆಗಳು ಕಳೆದವು, ಪ್ರಬಂಧ ಕೊಬ್ಬುತ್ತಾ ಹೋಯಿತು. ಅವಳು ಸೊರಗಿದಳು.

ಒಂದು ದಿನ ಅವಳು ಗ್ರಂಥಾಲಯಕ್ಕೆ ಹೋಗಿದ್ದಾಗ ಪ್ರೊಫೆಸರರು ಬಾಗಿಲಲ್ಲಿ ನಿಂತರು.

"ದಾಕ್ಷಾಯಣಿ ಯಾವಾಗ ಸಲ್ಲಿಸ್ತಾರೆ?"

"ನಿಮಗೇ ಗೊತ್ತಿರಬೇಕಲ್ಲ," ಎಂದಳು ಆಂಕೆ.

"ನಾನು ಕೇಳಿದರೆ ಒತ್ತಡ ಹಾಕಿದಂತಾಗುತ್ತೆ. ನನಗೇನೋ ಎರಡು ವರ್ಷದ ಹಿಂದೆಯೇ ಸಾಕನಿಸಿತ್ತು. ತಯಾರಾದಾಗ ಅವರೇ ಹೇಳ್ತಾರೆ. ಅದು ಅವರ ಹಕ್ಕು."

ಆಂಕೆಯೂ ಈ ಮಾತನ್ನು ದಾಟಿಸಲಿಲ್ಲ. ಪಿಎಚ್‌ಡಿ ಯಾವಾಗ ಮುಗಿಯುತ್ತದೆ ಎಂದು ಕೇಳುವುದು ಆ ಊರಲ್ಲಿ ಹೆಂಗಸಿನ ವಯಸ್ಸು ಕೇಳಿದ ಹಾಗೆ. ಮರ್ಯಾದಸ್ಥರು ಕೇಳುವುದಿಲ್ಲ. ದಾಕ್ಷಾಯಣಿ ಮರ್ಯಾದೆಗೆ ಸುಮ್ಮನಿದ್ದಳು, ಪ್ರೊಫೆಸರರು ಮರ್ಯಾದೆಗೆ ಸುಮ್ಮನಿದ್ದರು. ನಾನು ಬೀರುವಿನಲ್ಲಿ ಒದ್ದಾಡಿದೆ. ಟೊಪ್ಪಿಗೆಗೆ ತಲೆಯನ್ನು ಕೊಟ್ಟರೂ ಕೊಟ್ಟಾರು, ಬಾಯಿಯನ್ನು ಯಾರು ಕೊಡುತ್ತಾರೆ?

ಆ ಚಳಿಗಾಲ ಪ್ರೊಫೆಸರರು ಹೃದಯಾಘಾತದಿಂದ ತೀರಿಕೊಂಡರು. ಅವರ ಜಾಗಕ್ಕೆ ಬಂದ ಮೇಡಂ ಪ್ರಬಂಧ ತಿರುವಿ ಹಾಕಿ, ಸಂದರ್ಶನಗಳೆಲ್ಲ ಹಳಸಿವೆ, ಮತ್ತೆ ಹಳ್ಳಿಗಳಿಗೆ ಹೋಗಿ ಮೊದಲಿನಿಂದ ಮಾಡಬೇಕು ಎಂದರು. ದಾಕ್ಷಾಯಣಿಯ ವಿದ್ಯಾರ್ಥಿವೇತನ ನಿಂತಿತ್ತು, ವೀಸಾ ಮುಗಿಯುವುದರಲ್ಲಿತ್ತು. ಅವಳು "ಆಯ್ತು ಮೇಡಂ" ಎಂದು ಬಂದು ಊರಿಗೆ ಟಿಕೆಟ್ಟು ಮಾಡಿಸಿದಳು.

ಅವಳು ಹೊರಡುವ ವಾರವೇ ತೀರಿಕೊಂಡ ಪ್ರೊಫೆಸರರ ಇನ್ನೊಬ್ಬ ವಿದ್ಯಾರ್ಥಿ, ಪಕ್ಕದ ಕೋಣೆಯ ಫ್ಲೋರಿಯಾನನ ಮೌಖಿಕ ಪರೀಕ್ಷೆ. ಅವನ ವಿಷಯ ಯುರೋಪಿನ ದೇಶಗಳು ಸಮುದ್ರದ ಮೀನನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬುದು. ಅವನ ಟೊಪ್ಪಿಗೆ ಮಾಡಲು ಕತ್ತರಿ ಹುಡುಕುತ್ತಾ ದಾಕ್ಷಾಯಣಿ ಬೀರು ತೆಗೆದಳು. ನನ್ನನ್ನು ಕಂಡಳು. ಸೀರೆಯ ಅಂಚು ಮುಟ್ಟಿದಳು. ಮತಪೆಟ್ಟಿಗೆಯ ಸೀಳಿನಲ್ಲಿ ಉಗುರು ಆಡಿಸಿದಳು.

"ಇದು ನಂದಾ?"

ಆಂಕೆಯ ಮುಖ ಕೆಂಪಾಯಿತು. "ಎಸೆಯೋಕೆ ಮನಸ್ಸು ಬರಲಿಲ್ಲ, ದಾಕ್ಷಾ."

"ಎಸೆಯೋದು ಯಾಕೆ? ರಟ್ಟು ಗಟ್ಟಿಯಾಗಿದೆ. ಫ್ಲೋರಿಯಾನನ ತಲೆ ಏನು, ನನ್ನದರಷ್ಟೇ ದಪ್ಪ."

ಆಂಕೆ ನಗಲಿಲ್ಲ. ದಾಕ್ಷಾಯಣಿ ಕುಳಿತು ತನ್ನ ಮತಪೆಟ್ಟಿಗೆಯನ್ನು ತಾನೇ ಕಿತ್ತಳು, ಪೊಟ್ಟಣ ಕಿತ್ತಳು. ಸೀರೆಯ ಅಂಚು ಕಿತ್ತು ಬರಲಿಲ್ಲ. ಅದರ ಮೇಲೆ ನೀಲಿ ಬಣ್ಣ ಬಳಿದು ಸಮುದ್ರ ಮಾಡಿ, ತವರದ ಮೀನುಗಳನ್ನು ಒಂದೊಂದಾಗಿ ಅಂಟಿಸಿದಳು. ಒಂದು ಮೀನೂ ಸೊಟ್ಟಗಾಗಲಿಲ್ಲ. ಆಗಿದ್ದರೆ ನನಗೆ ಕೊಂಚ ಸಮಾಧಾನವಾಗುತ್ತಿತ್ತು.

ಮಾರನೆಯ ದಿನ ನಾನು ಫ್ಲೋರಿಯಾನನ ತಲೆ ಏರಿದೆ. ಕೇಕು, ವೈನು, ಗದ್ದಲ. ದಾಕ್ಷಾಯಣಿ ಸುಮ್ಮನೆ ಮಾತಿಗೆಂದು ಕೇಳಿದಳು: "ಸಲ್ಲಿಸು ಅಂತ ಹಳೇ ಪ್ರೊಫೆಸರ್ ನಿಂಗೆ ಯಾವಾಗ ಹೇಳಿದ್ದರು?"

"ಅವರೆಲ್ಲಿ ಹೇಳ್ತಾರೆ? ಶರತ್ಕಾಲಕ್ಕೆ ಕೊಡ್ತೀನಿ ಅಂತ ನಾನೇ ಮೇಲ್ ಹಾಕಿದೆ. ಸಂತೋಷ ಅಂತ ಉತ್ತರ ಬಂತು. ನಾವೇ ಅಲ್ವಾ ಹೇಳಬೇಕಾದ್ದು?"

"ಓ," ಎಂದಳು ದಾಕ್ಷಾಯಣಿ. "ಹೌದಲ್ಲ."

ಅಲ್ಲಿ ಚಪ್ಪಾಳೆ ತಟ್ಟುವುದಿಲ್ಲ; ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಎಲ್ಲರೂ ಕುಟ್ಟಿದರು, ಅವಳೂ ಕುಟ್ಟಿದಳು. ಎಲ್ಲರೂ ನಿಲ್ಲಿಸಿ ಗ್ಲಾಸು ಎತ್ತಿಕೊಂಡ ಮೇಲೂ ಅವಳ ಕೈ ಕುಟ್ಟುತ್ತಲೇ ಇತ್ತು. ಆಂಕೆ ಬಂದು ಆ ಕೈಯ ಮೇಲೆ ತನ್ನ ಕೈಯಿಟ್ಟಳು.

ಈಗ ನಾನು ಡಾಕ್ಟರ್ ಫ್ಲೋರಿಯಾನನ ಮನೆಯ ಅಟ್ಟದಲ್ಲಿದ್ದೇನೆ. ತೇವಕ್ಕೆ ರಟ್ಟು ಬಾಗಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ; ಅವನು ಓದಿದ, ಗೆದ್ದ. ಆದರೆ ಅವನ ಪ್ರಬಂಧದ ಒಂದು ಸಾಲೂ ನನಗೆ ತಿಳಿಯದು. ದಾಕ್ಷಾಯಣಿ ಕೋಣೆಯಲ್ಲಿ ಒಬ್ಬಳೇ ಇದ್ದಾಗ ತನ್ನದನ್ನು ಗಟ್ಟಿಯಾಗಿ ಓದುತ್ತಾ ತಿದ್ದುತ್ತಿದ್ದಳು. ಮುನ್ನುಡಿಯಿಂದ ಕೊನೆಯ ಅಡಿಟಿಪ್ಪಣಿಯವರೆಗೆ ನಾನು ಕೇಳಿದ್ದೇನೆ. ಚೆನ್ನಾಗಿತ್ತು. ಅದನ್ನು ಪೂರ್ತಿ ಕೇಳಿದ್ದು ಈ ಲೋಕದಲ್ಲಿ ನಾನೊಬ್ಬನೇ, ಮತ್ತು ನಾನು ಪರೀಕ್ಷಕನಲ್ಲ.