ಲುಮ್ಮಿ ಬೀಗ

ನೋಂದಣಿ ಕಚೇರಿಯ ಬೆಂಚಿನ ಮೇಲೆ ಅಳಿಯನ ಪಕ್ಕದಲ್ಲಿ ಕುಳಿತು ನಾನು ದೇವರಲ್ಲಿ ಬೇಡಿಕೊಂಡದ್ದು ಇಷ್ಟೆ: ಆ ಹೆಸರು ಸಿಗಲಿ.

ಲುಮ್ಮಿ ನನ್ನ ಮಗಳು. ಮಾತು ಕಲಿಯುವಾಗ ತನ್ನನ್ನು ತಾನೇ ಹಾಗೆ ಕರೆದುಕೊಂಡಳು. ಅರ್ಥವೇನೂ ಇಲ್ಲ. ಬೆಳೆದು ನಮ್ಮ ಬೀಗದ ಕಾರ್ಖಾನೆಗೆ ಬಂದ ಮೇಲೂ ಎಲ್ಲರಿಗೂ ಅವಳು ಲುಮ್ಮಿಯೇ. ಸಿದ್ಧವಾದ ಪ್ರತಿ ಬೀಗವನ್ನೂ ಕಿವಿಯ ಹತ್ತಿರ ಹಿಡಿದು ಕೀಲಿ ತಿರುಗಿಸುವಳು. ಒಳಗಿನ ಸದ್ದು ಒಪ್ಪಿಗೆಯಾದರೆ ತನ್ನ ಹೆಸರಿನ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇಟು. ಇಲ್ಲವಾದರೆ ಬೀಗ ಮತ್ತೆ ಮೇಸ್ತ್ರಿಯ ಮುಂದೆ ಬೀಳುವುದು.

"ಇದು ಇನ್ನೂ ತೊದಲ್ತಾ ಇದೆ ಮೇಸ್ತ್ರಿ. ಸ್ವಲ್ಪ ಮಾತು ಕಲಿಸಿ."

"ನಿನ್ನ ಕಿವಿಗೊಂದು ಬೀಗ ಹಾಕ್ಬೇಕು ಕಣಮ್ಮ" ಎಂದು ಗೊಣಗುತ್ತಲೇ ಅವನು ಬಿಚ್ಚುತ್ತಿದ್ದ.

ಅಂಗಡಿಗಳಲ್ಲಿ ಜನ ಲುಮ್ಮಿ ಬೀಗವನ್ನೇ ಕೇಳಿ ಪಡೆಯುವಂತಾಯಿತು. ಹೋದ ವರ್ಷ ಜ್ವರ ಬಂದು ಅವಳು ಹೊರಟುಹೋದಳು. ನಾನು ಪ್ರಾರ್ಥನೆಯನ್ನು ಬಿಡಲಿಲ್ಲ. ಬೇಡುವುದನ್ನು ಮಾತ್ರ ಬಿಟ್ಟಿದ್ದೆ.

ಅಳಿಯನಿಗೆ ಈಗ ಇನ್ನೊಂದು ಮದುವೆ ಗೊತ್ತಾಗಿದೆ. ಹುಡುಗಿಯ ಅಣ್ಣ ಯಂತ್ರಗಳನ್ನು ಹಾಕಿಸುತ್ತಾನಂತೆ, ಕಾರ್ಖಾನೆ ಕಂಪನಿಯಾಗುತ್ತದಂತೆ. ಆಗಲಿ ಎಂದು ಕಾರ್ಖಾನೆಯನ್ನು ಅಳಿಯನಿಗೆ ಬರೆದುಕೊಟ್ಟೆ. ಕಂಪನಿಗೆ ಅವಳ ಹೆಸರಿರಲಿ ಎಂದಷ್ಟೇ ಕೇಳಿದೆ. "ಅದನ್ನ ಬಿಡೋಕಾಗುತ್ತಾ ಮಾವ?" ಎಂದಿದ್ದ. ನನ್ನ ಕಣ್ಣು ತುಂಬಿತ್ತು.

ನಮ್ಮ ಸರದಿ ಬಂತು. ಗುಮಾಸ್ತ ಕನ್ನಡಕ ಏರಿಸಿ ಅರ್ಜಿ ನೋಡಿದ.

"ಲುಮ್ಮಿ. ಯಾರೂ ತಗೊಂಡಿಲ್ಲ. ಏನ್ರೀ ಹಾಗಂದ್ರೆ? ಯಾರದಾದ್ರೂ ಹೆಸರಾ?"

"ಇಲ್ಲ ಸಾರ್" ಎಂದ ಅಳಿಯ. "ಸುಮ್ನೆ ಹುಟ್ಟಿಸಿದ ಪದ. ಕೇಳೋಕೆ ಚೆನ್ನಾಗಿದೆ ಅಂತ."

"ಹಾಗಾದ್ರೆ ಕೆಳಗೆ ಬರೀರಿ, ಯಾವ ವ್ಯಕ್ತಿಗೂ ಸಂಬಂಧವಿಲ್ಲ ಅಂತ. ಹಿರಿಯರೇ, ಸಾಕ್ಷಿಗೆ ನೀವೊಂದು ರುಜು ಹಾಕಿಬಿಡಿ."

ಅಳಿಯ ಬರೆದು ಪೆನ್ನನ್ನು ನನ್ನ ಕೈಗಿಟ್ಟ. ರುಜು ಹಾಕಿದರೆ ಹೆಸರು ಉಳಿಯುತ್ತಿತ್ತು.

"ಅದು ನನ್ನ ಮಗಳ ಹೆಸರು. ತೀರಿಕೊಂಡಿದ್ದಾಳೆ. ಇವನ ಹೆಂಡತಿ" ಎಂದೆ.

ಗುಮಾಸ್ತ ಅಳಿಯನತ್ತ ನೋಡಿದ. "ಅದಕ್ಯಾಕ್ರೀ ಕದ್ದುಮುಚ್ಚಿ? ಹತ್ತಿರದವರು ನೀವಿಬ್ಬರೇ ತಾನೇ? ಆಕೆ ಹೆಸರು ಅಂತ ಬರೆದು ಇಬ್ಬರೂ ಒಪ್ಪಿಗೆ ಕೊಡಿ, ಮುಗೀತು."

"ಹಾಗೆ ಬರೆದ್ರೆ ನಾಳೆ ಇವರು ಹೆಸರಿನ ಮೇಲೆ ಹಕ್ಕು ಅಂತ ಬರ್ತಾರೆ ಸಾರ್. ಹುಡುಗಿ ಕಡೆಯವರೂ ಒಪ್ಪಲ್ಲ. ಸತ್ತ ಹೆಂಡತಿ ಹೆಸರಿನ ಬೋರ್ಡ್ ಕೆಳಗೆ ಅವರ ಹುಡುಗಿ ಓಡಾಡ್ಬೇಕಾ? ಎರಡನೇ ಹೆಸರು ಕೊಟ್ಟಿದೀನಲ್ಲ, ಅದನ್ನೇ ಹಾಕಿ."

ಗುಮಾಸ್ತ ಲುಮ್ಮಿಯ ಮೇಲೆ ಗೀಟು ಎಳೆದ. ಎರಡನೆಯದು ಸೂಪರ್ ಸೇಫ್.

ಮೆಟ್ಟಿಲಿಳಿಯುವಾಗ ಅಳಿಯ ನನ್ನ ತೋಳು ಹಿಡಿದುಕೊಂಡ, ನಾನು ಬೀಳಬಾರದೆಂದು. "ನಾನು ಉಳಿಸೋಕೆ ನೋಡ್ದೆ ಮಾವ. ನೀವೇ ಅಳಿಸಿದ್ರಿ. ಬಾಯಿ ಮುಚ್ಕೊಂಡಿದ್ದಿದ್ರೆ ಲಕ್ಷ ಬೀಗದ ಮೇಲೆ ಇರೋದು."

"ಇರ್ತಿತ್ತಪ್ಪ, ಅವಳು ಹುಟ್ಟೇ ಇರಲಿಲ್ಲ ಅಂತ ನಾನು ಸಾಕ್ಷಿ ಹೇಳಿದ್ದಿದ್ರೆ" ಎಂದು ತೋಳು ಬಿಡಿಸಿಕೊಂಡೆ.

ದೇವರು ಅವಳನ್ನು ಕರೆದುಕೊಂಡಾಗ ನನ್ನ ಒಪ್ಪಿಗೆ ಕೇಳಿರಲಿಲ್ಲ. ಈ ಸಲ ಕೇಳಿದ. ಕೊಡಲಿಲ್ಲವೆಂದು ಹೆಸರನ್ನೂ ತೆಗೆದುಕೊಂಡ.

ಕಾರ್ಖಾನೆಗೆ ಬಂದಾಗ ಮೇಸ್ತ್ರಿ ಆಗಷ್ಟೇ ಮುಗಿಸಿದ ಬೀಗವೊಂದನ್ನು ಮುಂದಿಟ್ಟ. "ಹೆಸರು ಸಿಕ್ತಾ ಯಜಮಾನ್ರೇ?"

"ಇಲ್ಲ."

ಅವನು ಮುಖ ತಿರುಗಿಸಿದ. ಲುಮ್ಮಿಯ ಅಚ್ಚನ್ನೂ ಸುತ್ತಿಗೆಯನ್ನೂ ನನ್ನತ್ತ ಸರಿಸಿ, "ಇವತ್ತಿನ ಮಟ್ಟಿಗಾದ್ರೂ ಅಚ್ಚು ನಮ್ಮದೇ. ಹೊಡೀರಿ" ಎಂದ.

ನಾನು ಬೀಗವನ್ನು ಕಿವಿಯ ಹತ್ತಿರ ಹಿಡಿದು ಕೀಲಿ ತಿರುಗಿಸಿದೆ. ಮತ್ತೆ ತಿರುಗಿಸಿದೆ. ನನ್ನ ಮುದಿ ಕಿವಿಗೆ ಏನೂ ಕೇಳಿಸಲಿಲ್ಲ. ಅಚ್ಚು ಹೊಡೆಯದೆ ಅದನ್ನು ಅವನ ಮುಂದೆಯೇ ಇಟ್ಟೆ.